ಕೀ ಒತ್ತಿದ ಮೇಲೆ ತಬಲಾ ತಡವಾಗಿ ಕೇಳಿದರೆ

ಮಿಡಿ ಕೀಬೋರ್ಡಿನಲ್ಲಿ (ಇದು ಕೀ ಒತ್ತಿದ ಸುದ್ದಿಯನ್ನಷ್ಟೇ ಕಂಪ್ಯೂಟರಿಗೆ ಕಳಿಸುತ್ತದೆ, ಶಬ್ದ ಮಾಡುವುದು ಕಂಪ್ಯೂಟರ್) ಮೊದಲ ಸಲ ತಬಲಾ ನುಡಿಸಲು ಕೂತಾಗ ನನ್ನ ಲಯವೇ ಸರಿಯಿಲ್ಲ ಅಂದುಕೊಂಡಿದ್ದೆ. ಬೆರಳು ತಾಳಕ್ಕೇ ಬೀಳುತ್ತಿತ್ತು, 'ಧಾ' ಮಾತ್ರ ಚೂರು ಹೊತ್ತಾದ ಮೇಲೆ ಬರುತ್ತಿತ್ತು. ಇದೇ ಲೇಟೆನ್ಸಿ. ಇದು ಒಂದೇ ಕಡೆ ಇರುವುದಿಲ್ಲ, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತದೆ. ಹಾಗಾಗಿ ಜಾಸ್ತಿ ಸೇರುತ್ತಿರುವುದು ಎಲ್ಲಿ ಅಂತ ಹುಡುಕದೆ ಸುಮ್ನೆ ಸೆಟ್ಟಿಂಗ್ ಬದಲಿಸುತ್ತಾ ಕೂತರೆ ದಿನ ಹೋಗುತ್ತದೆ.

ಎಲ್ಲರೂ ಮೊದಲು ಹೇಳುವುದು ಬಫರ್. ಕಂಪ್ಯೂಟರ್ ಶಬ್ದವನ್ನು ಒಂದೊಂದೇ ಸ್ಯಾಂಪಲ್ (ಶಬ್ದದ ಪುಟ್ಟ ತುಣುಕು) ಆಗಿ ಕಳಿಸುವುದಿಲ್ಲ, ಗಂಟು ಕಟ್ಟಿ ಕಳಿಸುತ್ತದೆ. ಆ ಗಂಟೇ ಬಫರ್. ಗಂಟಿನ ಅಳತೆಯನ್ನು ಸ್ಯಾಂಪಲ್ ರೇಟ್‌ನಿಂದ, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದರಿಂದ, ಭಾಗಿಸಿದರೆ ತಡ ಎಷ್ಟು ಅಂತ ಸಿಗುತ್ತದೆ: 44,100 ರೇಟಿನಲ್ಲಿ 512 ಇಟ್ಟರೆ 11.6 ಮಿಲಿಸೆಕೆಂಡ್, 128 ಇಟ್ಟರೆ 2.9. ಇದರ ಮೇಲೆ ಇಂಟರ್ಫೇಸ್ (ಕಂಪ್ಯೂಟರಿಗೆ ಶಬ್ದ ಒಳಗೆ ಹೊರಗೆ ಸಾಗಿಸುವ ಪೆಟ್ಟಿಗೆ), ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ತಮ್ಮ ಪಾಲು ಸೇರಿಸುತ್ತವೆ. 10 ಮಿಲಿಸೆಕೆಂಡ್ ಅಂದರೆ ಸ್ಪೀಕರಿನಿಂದ ಸುಮಾರು ಮೂರೂವರೆ ಮೀಟರ್ ದೂರ ಕೂತಷ್ಟು, ಯಾಕೆಂದರೆ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ನಿಧಾನವಾಗಿ ಏಳುವ ಪ್ಯಾಡ್ (ಹಿನ್ನೆಲೆಯಲ್ಲಿ ಹರಡಿಕೊಳ್ಳುವ ಉದ್ದನೆಯ ನಾದ) ನುಡಿಸುವಾಗ ಅದು ಗೊತ್ತೂ ಆಗುವುದಿಲ್ಲ. ತಬಲಾ, ಡ್ರಮ್ಸ್‌ನಲ್ಲಿ ಕಾಡುತ್ತದೆ.

ಹಾಗಾದರೆ 32ಕ್ಕೆ ಇಳಿಸಿಬಿಡೋಣ ಅಲ್ವಾ? ಇಳಿಸಬಹುದು, ಆದರೆ ಮುಂದಿನ ಗಂಟು ತಯಾರಾಗುವ ಮೊದಲೇ ಹಿಂದಿನದು ಮುಗಿದರೆ ಪಟಪಟ ಅಂತ ಕಿರಿಕಿರಿ ಸದ್ದು ಶುರು.

ವಿಂಡೋಸ್ ಇದ್ದವರು ಡ್ರೈವರ್ ನೋಡಿ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಆಸಿಯೋ (ASIO) ಅನ್ನುವ ಡ್ರೈವರ್ ಪದ್ಧತಿ ಇರುವುದೇ ಈ ತಡ ತಗ್ಗಿಸಲು. ಇಂಟರ್ಫೇಸ್ ಜೊತೆ ಬಂದ ಆಸಿಯೋ ಡ್ರೈವರನ್ನೇ ಹಾಕಿ, ಇಂಟರ್ಫೇಸ್ ಇಲ್ಲದಿದ್ದರೆ ಆಸಿಯೋ4ಆಲ್ (ASIO4ALL) ಅನ್ನುವ ಸಾಮಾನ್ಯ ಡ್ರೈವರ್. ಮ್ಯಾಕ್‌ನಲ್ಲಿ ಅದರದ್ದೇ ಶಬ್ದ ವ್ಯವಸ್ಥೆ ಕೋರ್ ಆಡಿಯೋ ಇರುವುದರಿಂದ ಈ ತಲೆನೋವಿಲ್ಲ.

ನನ್ನ ಕತೆಗೆ ಬರುತ್ತೇನೆ. ಬಫರ್ 64 ಮಾಡಿದರೂ 'ಧಾ' ತಡವೇ. ಎರಡು ಸಂಜೆ ಡ್ರೈವರ್ ತೆಗೆದು ಹಾಕಿ, ತೆಗೆದು ಹಾಕಿ ಸುಸ್ತಾದೆ. ಕೊನೆಗೆ ನೋಡಿದರೆ ಎಲ್ಲ ಶಬ್ದವೂ ಕೊನೆಗೆ ಹಾದುಹೋಗುವ ಮಾಸ್ಟರ್ ಟ್ರ್ಯಾಕಿನಲ್ಲಿ ಒಂದು ಲೀನಿಯರ್ ಫೇಸ್ ಈಕ್ಯೂ (ಶಬ್ದದ ಏರಿಳಿತ ತಿದ್ದುವ ಒಂದು ಬಗೆಯ ಪ್ಲಗಿನ್) ಕೂತಿತ್ತು! ಅಂಥ ಪ್ಲಗಿನ್ ತನ್ನ ಕೆಲಸಕ್ಕೆ ಸಾವಿರಾರು ಸ್ಯಾಂಪಲ್ ಹಿಡಿದಿಟ್ಟುಕೊಳ್ಳುತ್ತದೆ. 4,096 ಹಿಡಿದರೆ 93 ಮಿಲಿಸೆಕೆಂಡ್ ಆಯಿತು, ಬಫರ್ ಎಷ್ಟು ಇಳಿಸಿದರೂ ಅದು ಕರಗುವುದಿಲ್ಲ. ಲುಕ್‌ಅಹೆಡ್ ಇರುವ, ಅಂದರೆ ಮುಂದೆ ಬರುವ ಶಬ್ದ ನೋಡಿಕೊಂಡು ಜೋರು ತಗ್ಗಿಸುವ, ಲಿಮಿಟರ್ ಕೂಡ ಇದೇ ಜಾತಿ. ನುಡಿಸುವಾಗ ಆಫ್ ಮಾಡಿ, ಮಿಕ್ಸಿಂಗ್‌ಗೆ ಬಂದಾಗ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದರಂತೂ ಅದೇ ತಡ ಸೇರಿಸುವುದರಿಂದ ಮೇಲೆ ಹೇಳಿದ್ದೆಲ್ಲ ವ್ಯರ್ಥ, ವೈರ್ ಇರುವುದನ್ನೇ ಚುಚ್ಚಿ.

ಡೈರೆಕ್ಟ್ ಮಾನಿಟರಿಂಗ್ (ಕಂಪ್ಯೂಟರಿಗೆ ಹೋಗದೆ ಇಂಟರ್ಫೇಸಿನಿಂದಲೇ ನೇರ ಕೇಳುವುದು) ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಅದು ಮೈಕ್, ಗಿಟಾರ್‌ನವರಿಗೆ. ನಮ್ಮ ತಬಲಾ ಹುಟ್ಟುವುದೇ ಕಂಪ್ಯೂಟರ್ ಒಳಗೆ, ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಶಬ್ದ ಬರೋದು ಹೇಗೆ?

ನಾನೀಗ ನುಡಿಸುವಾಗ 128, ಮಿಕ್ಸ್ ಮಾಡುವಾಗ 1,024 ಇಡುತ್ತೇನೆ. ಪ್ರಾಜೆಕ್ಟ್ ಭಾರವಾದರೆ ಹಳೆಯ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡುತ್ತೇನೆ, ಅಂದರೆ ತಯಾರಾದ ಶಬ್ದವಾಗಿ ಉಳಿಸಿ ಕಂಪ್ಯೂಟರಿನ ಕೆಲಸ ತಗ್ಗಿಸುತ್ತೇನೆ. ಇಷ್ಟಾದರೂ ವಯಲಿನ್ ಮಾತ್ರ ಹಿಂದೆ ಬಿದ್ದಂತೆ ಕೇಳಿದರೆ ಸೆಟ್ಟಿಂಗ್ ಮುಟ್ಟಬೇಡಿ. ಆ ಸ್ಯಾಂಪಲ್‌ನಲ್ಲಿ (ಇಲ್ಲಿ ಅದು ಮೊದಲೇ ರೆಕಾರ್ಡ್ ಮಾಡಿಟ್ಟ ವಯಲಿನ್ ನಾದ) ಕಮಾನು ಎಳೆದ ಶುರುವೇ ನಿಧಾನ ಇರುತ್ತದೆ. ರೆಕಾರ್ಡ್ ಆದ ಮೇಲೆ ಮಿಡಿ ನೋಟ್‌ಗಳನ್ನು ಚೂರು ಎಡಕ್ಕೆ ಸರಿಸಿ.