ದಮ್ಮು ಬಿಟ್ಟ ಮೂರನೇ ವಾರ

ಕನ್ನಡದಲ್ಲಿ 'ದಮ್ಮು' ಅಂದರೆ ಬೀಡಿ-ಸಿಗರೇಟಿನ ಎಳೆತವೂ ಹೌದು, ನಾಲ್ಕು ಮೆಟ್ಟಿಲು ಹತ್ತಿದರೆ ಕಟ್ಟುವ ಉಸಿರೂ ಹೌದು. ದಮ್ಮು ಹೊಡೆದು ದಮ್ಮು ಬರಿಸಿಕೊಂಡ ಎಷ್ಟೋ ಮಂದಿ ನಾಲ್ಕಾರು ಸಲ ಬಿಟ್ಟು, ಮತ್ತೆ ಹಿಡಿದವರೇ. "ಬೀಡಿ ಬಿಟ್ಟ ಮೇಲೇ ಕೆಮ್ಮು ಜಾಸ್ತಿ ಆಯ್ತು, ಎದೆ ಡವಡವ ಅಂತದೆ, ಶುಗರೂ ಏರಿದೆ, ಸೇದ್ತಿದ್ದಾಗಲೇ ಚೆನ್ನಾಗಿದ್ದೆ" ಅಂತ ಅವರು ಹೇಳಿದರೆ ಮನೆಯವರು ನೆಪ ಹುಡುಕುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಪಾಪ, ಅವರು ಹೇಳುವುದು ಬಹುಪಾಲು ನಿಜ. ಆದರೆ ಒಂದೊಂದಕ್ಕೂ ಒಂದೊಂದು ಕಾರಣವಿದೆ. ಆ ಕಾರಣ ಮೊದಲೇ ಗೊತ್ತಿಲ್ಲದೆ ಬಿಡಲು ಹೊರಟವರು ಮೂರನೇ ವಾರದ ಹೊತ್ತಿಗೆ ಬೆಂಕಿಪೊಟ್ಟಣ ಹುಡುಕುತ್ತಾರೆ.

ಕೆಮ್ಮಿನ ವಿಷಯ ಸುಲಭ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಬಾಗುವ ಭತ್ತದ ಪೈರಿನಂತೆ ಒಟ್ಟೊಟ್ಟಿಗೆ ಬಾಗುತ್ತಾ ಕಫವನ್ನೂ ಅದಕ್ಕಂಟಿದ ದೂಳನ್ನೂ ಗಂಟಲಿನ ಕಡೆಗೆ ತಳ್ಳುವುದು ಅವುಗಳ ಕೆಲಸ. ಹೊಗೆ ಅವನ್ನು ಮಂಕಾಗಿಸುತ್ತದೆ. ಹೊಗೆ ನಿಂತ ಮೇಲೆ ಅವು ಚೇತರಿಸಿಕೊಂಡು, ತಳದಲ್ಲಿ ನಿಂತಿದ್ದ ಕಫವನ್ನು ಮೇಲಕ್ಕೆ ತರತೊಡಗುತ್ತವೆ. ಹಾಗಾಗಿ ಕೆಲವು ವಾರ ಕೆಮ್ಮು ಜೋರಾಗಬಹುದು. ಉಬ್ಬಸಕ್ಕೆ ಬಾಯಿಂದ ಎಳೆದುಕೊಳ್ಳುವ ಪಂಪ್ ಬಳಸುತ್ತಿದ್ದವರು ಅದನ್ನು ನಿಲ್ಲಿಸಬಾರದು. ಕೆಮ್ಮನ್ನು ಅದುಮಿಡುವ ಸಿರಪ್ಪನ್ನು ತಾವಾಗಿಯೇ ಕುಡಿಯಲೂಬಾರದು, ಮೇಲೆ ಬರಬೇಕಾದ ಕಫ ಅಲ್ಲೇ ಉಳಿಯುತ್ತದೆ. ಕಫದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು ಕಂಡರೆ ಮಾತ್ರ ಇದು ಬೇರೆ ಕೆಮ್ಮು, ಪರೀಕ್ಷೆ ಆಗಲೇಬೇಕು.

ಎದೆ ಡವಡವದ ಕಥೆ ಇದಕ್ಕಿಂತ ಸ್ವಾರಸ್ಯದ್ದು, ಕ್ಲಿನಿಕ್ಕುಗಳಲ್ಲೂ ಎಷ್ಟೋ ಸಲ ತಪ್ಪಿಹೋಗುವಂಥದ್ದು. ನಮ್ಮ ಯಕೃತ್ತಿನಲ್ಲಿ ಸಿವೈಪಿ1ಎ2 ಎಂಬ ಕಿಣ್ವವಿದೆ. ಕಾಫಿಯ ಕೆಫೀನನ್ನು ಒಡೆಯುವುದು ಮುಖ್ಯವಾಗಿ ಇದೇ. ಹೊಗೆಯಲ್ಲಿರುವ ಟಾರಿನ ಕೆಲವು ಅಂಶಗಳು ಈ ಕಿಣ್ವ ಹೆಚ್ಚೆಚ್ಚು ತಯಾರಾಗುವಂತೆ ಮಾಡುತ್ತವೆ (ಚಟ ಹಿಡಿಸುವ ನಿಕೋಟಿನ್ ಅಲ್ಲ; ಹಾಗಾಗಿ ಬಿಟ್ಟ ಮೇಲೆ ನಿಕೋಟಿನ್ ಮದ್ದು ಬಳಸಿದರೂ ಮುಂದೆ ಹೇಳುವುದು ತಪ್ಪದು, ನೆನಪಿಟ್ಟುಕೊಳ್ಳಿ). ಸೇದುವವರ ಮೈಯಲ್ಲಿ ಕಾಫಿ ಬೇಗ ಕರಗಿಹೋಗುವುದು ಅದಕ್ಕೇ. ಬಿಟ್ಟ ಸುಮಾರು ಒಂದು ವಾರದಲ್ಲಿ ಕಿಣ್ವ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಕೈ ನಡುಕ, ನಿದ್ದೆಗೇಡು, ಸಿಡಿಮಿಡಿ ಎಲ್ಲವನ್ನೂ ನಾವು ಬೀಡಿಯ ತಲಬು ಅಂದುಕೊಳ್ಳುತ್ತೇವೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಬಿಡುವ ದಿನದಿಂದಲೇ ಎರಡಕ್ಕೆ ಇಳಿಸಿಕೊಂಡರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ.

ಮಾತ್ರೆಗಳ ಜತೆ ಇದು ಅಪಾಯಕ್ಕೆ ತಿರುಗಬಹುದು. ಉಬ್ಬಸಕ್ಕೆ ಹಲವರು ವರ್ಷಗಟ್ಟಲೆ ನುಂಗುವ ಡೆರಿಫಿಲ್ಲಿನ್‌ನಲ್ಲಿ ಥಿಯೋಫಿಲ್ಲಿನ್ ಇದೆ. ಅದು ಕೆಫೀನಿನ ದಾಯಾದಿ. ಅದನ್ನೂ ಒಡೆಯುವುದು ಇದೇ ಕಿಣ್ವ. ಔಷಧವಾಗಿ ಸಾಲುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಿರಿದು: ಮಟ್ಟ ಏರಿದರೆ ವಾಕರಿಕೆ, ಎದೆಬಡಿತ, ಇನ್ನೂ ಏರಿದರೆ ಫಿಟ್ಸ್. ಸೇದುವುದು ನಿಂತ ವಾರದೊಳಗೆ ಡೋಸನ್ನು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ತಗ್ಗಿಸಬೇಕಾಗಬಹುದು. ಎಷ್ಟೆಂದು ಡಾಕ್ಟರೇ ಹೇಳಬೇಕು. ಎದೆಯ ಸೋಂಕಿಗೆಂದು ನಡುವೆ ಸಿಪ್ರೊಫ್ಲಾಕ್ಸಸಿನ್ ಸೇರಿದರೆ ಅದು ಇದೇ ಕಿಣ್ವವನ್ನು ತಡೆದು ಇನ್ನಷ್ಟು ಕೆಡಿಸುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್‌ಗಳನ್ನೂ ಮುಖ್ಯವಾಗಿ ಒಡೆಯುವುದು ಇದೇ ಕಿಣ್ವ. ಹಾಗಾಗಿ ಬಿಡುವ ದಿನ ಗೊತ್ತುಮಾಡಿಕೊಂಡು, ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಮೊದಲ ಕೆಲಸ.

ಶುಗರ್ ಏರುವುದೂ ಕಟ್ಟುಕಥೆಯಲ್ಲ. ಬಿಟ್ಟ ಮೊದಲ ವರ್ಷದಲ್ಲಿ ತೂಕ ಸರಾಸರಿ 4-5 ಕಿಲೋ ಏರುತ್ತದೆ, ಹಸಿವು ಕೆರಳುತ್ತದೆ, ಖಾಲಿ ಕೈ ಪೆಪ್ಪರ್‌ಮೆಂಟ್ ಹುಡುಕುತ್ತದೆ. ಮಧುಮೇಹಿಗಳ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮೊದಲ ವರ್ಷ ಸ್ವಲ್ಪ ಏರಿ, ಎರಡು ಮೂರು ವರ್ಷಗಳಲ್ಲಿ ಇಳಿದುಬರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಕೆಲವರಲ್ಲಿ ಇದು ತಿರುಗಾಮುರುಗಾ ಆಗಿ ಶುಗರ್ ಕುಸಿಯಲೂಬಹುದು. ಮೊದಲ ತಿಂಗಳು ಪರೀಕ್ಷೆ ಹೆಚ್ಚು ಸಲ ಆಗಲಿ. ಬಾಯಿಗೆ ಸೋಂಪು, ಲವಂಗ ಸಾಕು.

ಇನ್ನು ತಲಬು. ಎಳೆದ ಹೊಗೆಯ ನಿಕೋಟಿನ್ 10-20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಆ ವೇಗಕ್ಕೆ ಸಾಟಿಯಾದ ಮದ್ದಿಲ್ಲ. ನಿಕೋಟಿನ್ ಗಮ್ಮಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚಿಗೆ ಗಂಟೆಗಳೇ ಬೇಕು. "ಗಮ್ ಅಗಿದೆ, ಏನೂ ಆಗ್ಲಿಲ್ಲ" ಅನ್ನುವವರು ಸಾಮಾನ್ಯವಾಗಿ ತಲಬು ನೆತ್ತಿಗೇರಿದ ಮೇಲೆ ಒಂದನ್ನು ಬಬಲ್‌ಗಮ್ಮಿನಂತೆ ಜಗಿದವರು. ಹಾಗೆ ಜಗಿದರೆ ನಿಕೋಟಿನ್ ಉಗುಳಿನ ಜತೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ, ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೆ. ನಿಧಾನ ಅಗಿಯಬೇಕು, ಮೆಣಸಿನಂಥ ಚುರುಕು ಬಾಯಿಗೆ ತಾಗಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಚುರುಕು ಮಾಯವಾದಾಗ ಮತ್ತೆ ನಾಲ್ಕು ಸಲ ಅಗಿದು ಈಗ ಇನ್ನೊಂದು ಕೆನ್ನೆಯಲ್ಲಿ. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚಿನ 15 ನಿಮಿಷವಾಗಲಿ, ಗಮ್ ಬಾಯಲ್ಲಿರುವಾಗಲಾಗಲಿ ಕಾಫಿ, ಹಣ್ಣಿನ ರಸ ಕುಡಿದರೆ ಬಾಯಿ ಆಮ್ಲೀಯವಾಗಿ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ 2 ಮಿಲಿಗ್ರಾಂನ ಗಮ್ ಸಾಲದು, 4ರದ್ದು ಬೇಕು. ಮೊದಲ ಆರು ವಾರ ಎಚ್ಚರವಿರುವಷ್ಟು ಹೊತ್ತು ಒಂದೆರಡು ಗಂಟೆಗೊಂದು; ದಿನಕ್ಕೆ ಎರಡೇ ಅಗಿದು ಫಲ ಕಾಯುವುದು ವ್ಯರ್ಥ. ಪ್ಯಾಚು, ಗಮ್ಮು ಎರಡನ್ನೂ ಸೇರಿಸಿದರೆ ಒಂದಕ್ಕಿಂತ ಚೆನ್ನ. ಕಟ್ಟುಹಲ್ಲಿನವರಿಗೆ ಗಮ್ಮಿಗಿಂತ ಚೀಪುವ ಗುಳಿಗೆ ವಾಸಿ.

ಸ್ಟೆಂಟ್ ಹಾಕಿಸಿಕೊಂಡವರು ಗಮ್ಮಿಗೆ ಹೆದರಿ ಬೀಡಿಯನ್ನೇ ಮುಂದುವರಿಸುವುದುಂಟು. ತಲೆಕೆಳಗಾದ ಲೆಕ್ಕ! ಹೃದಯಕ್ಕೆ ಹೆಚ್ಚಿನ ಪೆಟ್ಟು ಹೊಗೆಯ ಕಾರ್ಬನ್ ಮಾನಾಕ್ಸೈಡಿನಿಂದ, ರಕ್ತ ಹೆಪ್ಪುಗಟ್ಟಿಸುವ ಸೂಕ್ಷ್ಮ ಕಣಗಳಿಂದ. ಹೃದಯಾಘಾತವಾದ ಮೊದಲೆರಡು ವಾರ ಮಾತ್ರ ಡಾಕ್ಟರನ್ನು ಕೇಳದೆ ನಿಕೋಟಿನ್ ಮದ್ದು ಶುರುಮಾಡಬಾರದು. "ದಿನಕ್ಕೆ ಒಂದೇ" ಎಂಬ ರಾಜಿಯೂ ಇಲ್ಲಿ ನಡೆಯುವುದಿಲ್ಲ: 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸೇದುವವರ ಹೃದ್ರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ಒಂದೇ ಸಿಗರೇಟಿಗೂ ಇದೆ.

ಗಮ್ಮಿಗೆ ಹೆದರಬೇಕಿಲ್ಲ ಎಂಬ ಮಾತಿಗೆ ಬರ್ಗರ್ ಕಾಯಿಲೆ ಮಾತ್ರ ಅಪವಾದ. ಕೈಕಾಲು ಬೆರಳುಗಳ ರಕ್ತನಾಳ ಮುಚ್ಚಿ, ಬೆರಳು ಕಪ್ಪಾಗಿ ಕತ್ತರಿಸುವ ಮಟ್ಟಕ್ಕೆ ಹೋಗುವ ಇದು ನಮ್ಮಲ್ಲಿ ಬೀಡಿ ಸೇದುವ ನಡುವಯಸ್ಸಿನೊಳಗಿನ ಗಂಡಸರಲ್ಲಿ ಕಾಣುತ್ತದೆ. ಇವರಿಗೆ ಗಮ್, ಪ್ಯಾಚ್ ಕೂಡ ಬೇಡವೆನ್ನುತ್ತಾರೆ. ನಿಕೋಟಿನ್ ಇಲ್ಲದೆಯೇ ತಲಬು ತಗ್ಗಿಸುವ ವರೆನಿಕ್ಲಿನ್ ಅಥವಾ ಬುಪ್ರೊಪಿಯಾನ್ ಮಾತ್ರೆಯನ್ನು ಡಾಕ್ಟರು ಬರೆದುಕೊಡಬಹುದು. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಕೊಡುವುದಿಲ್ಲ, ಕಿಡ್ನಿ ತೀರಾ ಸೋತವರಿಗೆ ವರೆನಿಕ್ಲಿನ್ ಡೋಸ್ ತಗ್ಗಿಸಬೇಕು.

ಬಿಡಲು ನೆರವು ಬೇಕಾದವರಿಗೆ ಸಿಗರೇಟ್ ಪ್ಯಾಕಿನ ಮೇಲೇ 1800-11-2356 ಎಂಬ ಸಂಖ್ಯೆ ಇದೆ. ಉಚಿತ ಕರೆ, ಕನ್ನಡದಲ್ಲೂ ಮಾತಾಡುತ್ತಾರೆ.

ಮದುವೆಮನೆಯಲ್ಲೋ ತಿಥಿಯೂಟದ ದಿನವೋ ಯಾರೋ ಕೊಟ್ಟ ಒಂದು ಬೀಡಿ ಹಚ್ಚಿಬಿಟ್ಟರೆ ಪ್ಯಾಚ್ ಕಿತ್ತೆಸೆಯಬೇಕಿಲ್ಲ. ಅದನ್ನು ಹಾಗೇ ಇಟ್ಟುಕೊಂಡು, ಮುಂದಿನದನ್ನು ಹಚ್ಚದಿದ್ದರಾಯಿತು. ಪೂರ್ತಿ ಹಳೆಯ ಲೆಕ್ಕಕ್ಕೆ ಮರಳಿದವರು ಮಾತ್ರ ನಾಚಿಕೆಯಿಂದ ಡಾಕ್ಟರ ಹತ್ತಿರ ಮುಚ್ಚಿಡುವುದುಂಟು. ಆಗ ಕಿಣ್ವ ಮತ್ತೆ ಏರುತ್ತದೆ, ತಗ್ಗಿಸಿದ್ದ ಡೆರಿಫಿಲ್ಲಿನ್ ಸಾಲದಾಗುತ್ತದೆ, ಉಬ್ಬಸ ಕೆರಳುತ್ತದೆ. ಎದುರಿಗೆ ಕೂತ ಡಾಕ್ಟರು ಕಾಯಿಲೆಯೇ ಮುಂದುವರಿದಿದೆ ಅಂದುಕೊಂಡು ಇನ್ನೊಂದು ಮಾತ್ರೆ ಬರೆಯುತ್ತಾರೆ.