ಬಿ12 ಕೊರತೆ: ರಕ್ತದ ವರದಿಯೊಂದರಿಂದ ನರದ ಸ್ಥಿತಿ ತಿಳಿಯದು

ವಿಟಮಿನ್ ಬಿ12 ಕೊರತೆಯನ್ನು ವೈದ್ಯಕೀಯ ವಿದ್ಯಾರ್ಥಿಗಳಾದ ನಾವು ರಕ್ತಹೀನತೆಯ ಅಧ್ಯಾಯದಲ್ಲಿ ಓದುವುದರಿಂದ, ನರಗಳ ತೊಂದರೆಯು ರಕ್ತಹೀನತೆ ಬಲಿತ ಮೇಲೆ ಬರುವಂಥದ್ದು ಎಂಬ ಭಾವನೆ ಸುಲಭವಾಗಿ ಮೂಡುತ್ತದೆ. ನಿಜದಲ್ಲಿ ಇವು ಒಂದೇ ಕೊರತೆಯ ಎರಡು ಕವಲುಗಳು; ಹಿಮೋಗ್ಲೋಬಿನ್ ಸರಿಯಾಗಿದ್ದಾಗಲೂ ನರಕ್ಕೆ ಹಾನಿಯಾಗಿರಬಹುದು.

ನಮ್ಮ ದೇಹದಲ್ಲಿ ಬಿ12ರ ನೆರವು ಬೇಡುವ ಕಿಣ್ವಕ್ರಿಯೆಗಳು ಎರಡೇ. ಮೊದಲನೆಯದರಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ತನ್ನ ಮೀಥೈಲ್ ಗುಂಪನ್ನು ಬಿಟ್ಟುಕೊಟ್ಟು ಹೋಮೋಸಿಸ್ಟೀನನ್ನು ಮೆಥಿಯೋನಿನ್ ಆಗಿಸುತ್ತದೆ, ತಾನು ಡಿಎನ್‌ಎ ತಯಾರಿಕೆಗೆ ಮರಳುತ್ತದೆ. ಬಿ12 ಇಲ್ಲವಾದರೆ ಫೋಲೇಟ್ ಮೀಥೈಲ್ ರೂಪದಲ್ಲೇ ಸಿಕ್ಕಿಬೀಳುವುದರಿಂದ ಅಸ್ಥಿಮಜ್ಜೆಯ ಕೋಶಗಳು ಗಾತ್ರದಲ್ಲಿ ಬೆಳೆದರೂ ಸರಿಯಾಗಿ ವಿಭಜನೆಯಾಗುವುದಿಲ್ಲ. ಕೆಂಪು ಕಣದ ಸರಾಸರಿ ಗಾತ್ರ 100 ಫೆಮ್ಟೋಲೀಟರ್ ಮೀರುವುದು ಹೀಗೆ. ಎರಡನೆಯ ಕ್ರಿಯೆ ಮೀಥೈಲ್‌ಮೆಲೋನಿಲ್ ಕೋ-ಎಯನ್ನು ಸಕ್ಸಿನಿಲ್ ಕೋ-ಎ ಆಗಿಸುವುದು. ಇದಕ್ಕೆ ಫೋಲೇಟ್ ಬೇಕಿಲ್ಲ; ಬಿ12 ಇಲ್ಲದೆ ಇದು ನಿಂತರೆ ಮೀಥೈಲ್‌ಮೆಲೋನಿಕ್ ಆಮ್ಲ ಶೇಖರವಾಗುತ್ತದೆ. ಆದ್ದರಿಂದಲೇ ರಕ್ತದಲ್ಲಿ ಮೀಥೈಲ್‌ಮೆಲೋನಿಕ್ ಆಮ್ಲ ಏರಿದ್ದರೆ ಅದು ಬಿ12 ಕೊರತೆಯತ್ತ ಬೊಟ್ಟುಮಾಡುತ್ತದೆ. ಹೋಮೋಸಿಸ್ಟೀನಾದರೋ ಬಿ12, ಫೋಲೇಟ್ ಎರಡರ ಕೊರತೆಯಲ್ಲೂ ಏರುತ್ತದೆ.

ಬಿ12 ಕೊರತೆಯಿಂದ ಬೆನ್ನುಹುರಿಯಲ್ಲಿ ನರತಂತುಗಳನ್ನು ಸುತ್ತಿರುವ ಮಯಲಿನ್ ಹೊದಿಕೆ ಕೆಡುವುದು ಮುಖ್ಯವಾಗಿ ಹಿಂಭಾಗದ ಮತ್ತು ಪಾರ್ಶ್ವದ ನರಪಥಗಳಲ್ಲಿ. ರೋಗಿಗೆ ಪಾದಗಳಲ್ಲಿ ಜೋಮು ಹಿಡಿದಂತಾಗುತ್ತದೆ, ಶ್ರುತಿಕವೆಯ ಕಂಪನ ಕಾಲ್ಬೆರಳಿಗೆ ತಿಳಿಯುವುದಿಲ್ಲ. ಪಾದ ಎಲ್ಲಿದೆಯೆಂಬ ಅರಿವು ಮಂಕಾಗಿ, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಅಥವಾ ಕತ್ತಲಲ್ಲಿ ನಡೆಯುವಾಗ ಓಲಾಡುವಂತಾಗುತ್ತದೆ. ಪಾರ್ಶ್ವದ ಪಥ ಕೆಟ್ಟಾಗ ಕಾಲುಗಳು ಬಿಗಿಯುತ್ತವೆ. ಮರೆವು, ಖಿನ್ನತೆಗಳೂ ಕಾಣಿಸಿಕೊಳ್ಳಬಹುದು; ವಯಸ್ಸಾದವರಲ್ಲಿ ಇದನ್ನು ಮುಪ್ಪಿನ ಲೆಕ್ಕಕ್ಕೆ ಹಾಕುವುದು ಸುಲಭವಾದ ತಪ್ಪು.

ಪರೀಕ್ಷೆಯ ದೃಷ್ಟಿಯಿಂದಲೂ ವಾರ್ಡಿನ ದೃಷ್ಟಿಯಿಂದಲೂ ಎಚ್ಚರ ಬೇಕಾದ ವಿಷಯ ಫೋಲಿಕ್ ಆಮ್ಲ, ಅಂದರೆ ಔಷಧಿಯಾಗಿ ಕೊಡುವ ಫೋಲೇಟ್. ಅದನ್ನಷ್ಟೇ ಕೊಟ್ಟರೆ ಡಿಎನ್‌ಎ ತಯಾರಿಕೆ ಮತ್ತೆ ಸಾಗಿ ರಕ್ತ ಸುಧಾರಿಸುತ್ತದೆ, ಆದರೆ ಬೆನ್ನುಹುರಿಯ ಹಾನಿ ಮುಂದುವರಿಯುತ್ತದೆ. ಜೊತೆಗೆ ಕಣಗಳನ್ನು ಕಿರಿದಾಗಿಸುವ ಕಬ್ಬಿಣದ ಕೊರತೆಯೂ ಇದ್ದರೆ ಕಣಗಳ ಸರಾಸರಿ ಗಾತ್ರ ಸಹಜವೆಂದೇ ಕಾಣಬಹುದು.

ಯಕೃತ್ತಿನಲ್ಲಿ ಕೆಲವು ಮಿಲಿಗ್ರಾಂ ಸಂಗ್ರಹವಿದ್ದು ದಿನದ ಅಗತ್ಯ ಎರಡು ಮೈಕ್ರೋಗ್ರಾಂ ಆಸುಪಾಸಿನಲ್ಲೇ ಇರುವುದರಿಂದ, ಹೀರಿಕೆ ನಿಂತ ಮೇಲೂ ಕೊರತೆ ಬಯಲಾಗಲು ವರ್ಷಗಳು ಹಿಡಿಯಬಹುದು. ಸೊಪ್ಪು ತರಕಾರಿಗಳಲ್ಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಆಸರೆ. ಬಿ12 ಹೀರಿಕೆಗೆ ಬೇಕಾದ ಜಠರದ ಪ್ರೋಟೀನಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಕೊರತೆ, ಮಧುಮೇಹದ ಔಷಧಿಯಾದ ಮೆಟ್‌ಫಾರ್ಮಿನ್‌ನ ದೀರ್ಘಕಾಲದ ಸೇವನೆಗಳನ್ನೂ ಕೇಳಿ ತಿಳಿಯಬೇಕು. ನರದ ಲಕ್ಷಣಗಳಿದ್ದರೆ ಮೊದಲು ಬಿ12 ಚುಚ್ಚುಮದ್ದು ಆರಂಭಿಸಿ, ಫೋಲಿಕ್ ಆಮ್ಲ ಬೇಕಿದ್ದಲ್ಲಿ ಅನಂತರ ಸೇರಿಸುತ್ತಾರೆ. ರಕ್ತ ವಾರಗಳಲ್ಲಿ ಚೇತರಿಸಿದರೂ ನರಕ್ಕೆ ತಿಂಗಳುಗಳು ಬೇಕು, ತಡವಾಗಿ ಗುರುತಿಸಿದ ಹಾನಿ ಪೂರ್ತಿ ಸರಿಹೋಗದೆಯೂ ಉಳಿಯಬಹುದು.