ಮೆದುಳಿನ ಚಿತ್ರದಲ್ಲಿ ಆ ಕೆಂಪು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಕನ್ನಡ ಓದುವಾಗ ಮೆದುಳಿನ ಒಂದು ಕಡೆ, ಮಲಯಾಳ ಓದುವಾಗ ಇನ್ನೊಂದು ಕಡೆ ಕೆಂಪಾಗುತ್ತದೆ ಅಂತ ವಾಟ್ಸಾಪಿನಲ್ಲಿ ಚಿತ್ರ ಬಂತು. ನಮ್ಮ ಮಕ್ಕಳು ಎರಡನ್ನೂ ಓದುತ್ತಾರಲ್ಲ, ಇದು ನಿಜವಾ?
– ಬದಿಯಡ್ಕದ ಓದುಗರು

ಮೆದುಳು ಯಾವ ಭಾಷೆಗೂ ಕೆಂಪಾಗುವುದಿಲ್ಲ. ಬಣ್ಣ ಬಳಿಯುವುದು ಕಂಪ್ಯೂಟರ್, ಅದೂ ಲೆಕ್ಕ ಮುಗಿದ ಮೇಲೆ.

ಇಂಥ ಚಿತ್ರ ತೆಗೆಯುವುದು ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ಯಂತ್ರ. ಅದಕ್ಕೆ ಕಾಣುವುದು ಯೋಚನೆಯಲ್ಲ, ರಕ್ತ. ಮೆದುಳಿನ ಒಂದು ಭಾಗಕ್ಕೆ ಕೆಲಸ ಬಿದ್ದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆಮ್ಲಜನಕ ಇರುವ ರಕ್ತ, ಕಳೆದುಕೊಂಡ ರಕ್ತ ಆಯಸ್ಕಾಂತದ ಎದುರು ಬೇರೆ ಬೇರೆ ಥರ ವರ್ತಿಸುತ್ತವೆ. 1990ರಲ್ಲಿ ವಿಜ್ಞಾನಿ ಸೈಜಿ ಒಗಾವ ಹಿಡಿದದ್ದು ಈ ದಾರಿಯನ್ನೇ. ಆದರೆ ವ್ಯತ್ಯಾಸ ತೀರಾ ಸಣ್ಣದು, ನೂರಕ್ಕೆ ಒಂದೆರಡು ಪಾಲು. ಉಸಿರಾಡಿದ್ದು, ತಲೆ ಅಲುಗಿಸಿದ್ದು ಎಲ್ಲವೂ ಅದರಲ್ಲೇ ಕಲಸಿಕೊಂಡಿರುತ್ತದೆ. ಬೇರ್ಪಡಿಸಲು ಸಂಖ್ಯಾಶಾಸ್ತ್ರ ಬೇಕು.

ಎಡವಟ್ಟಾಗುವುದೂ ಅಲ್ಲೇ. ಮೆದುಳಿನ ಚಿತ್ರವನ್ನು ಸಾವಿರಾರು ಪುಟ್ಟ ಘನಾಕಾರದ ತುಂಡುಗಳಾಗಿ, ಅಂದರೆ ವಾಕ್ಸೆಲ್‌ಗಳಾಗಿ ಹೆಚ್ಚಿ, ಒಂದೊಂದನ್ನೂ ಪ್ರತ್ಯೇಕ ಪರೀಕ್ಷಿಸುತ್ತಾರೆ. ಈಗ ಕುಂಬಳೆ ಪೇಟೆಯಲ್ಲಿ ಎಂಟು ಸಾವಿರ ಜನ ನಿಂತು ತಲಾ ಹತ್ತು ಸಲ ನಾಣ್ಯ ಚಿಮ್ಮಿದರು ಅಂದುಕೊಳ್ಳಿ. ಹತ್ತಕ್ಕೆ ಹತ್ತೂ ಹೆಡ್ ಬೀಳುವುದು 1024ಕ್ಕೆ ಒಂದು ಸಲ. ಆದರೂ ಅಷ್ಟು ಜನರಲ್ಲಿ ಏಳೆಂಟು ಮಂದಿಗೆ ಬಿದ್ದೀತು. ಅವರ ಕೈಯಲ್ಲಿ ಏನೋ ಇದೆ ಅಂತೀರಾ? ಸಾವಿರಾರು ವಾಕ್ಸೆಲ್ ಪರೀಕ್ಷಿಸಿದಾಗಲೂ ಹಾಗೇ, ಕೆಲವು ಬರೀ ಆಕಸ್ಮಿಕವಾಗಿ ಚುರುಕಾದಂತೆ ಕಾಣುತ್ತವೆ.

2009ರಲ್ಲಿ ಮೆದುಳಿನ ಸಂಶೋಧಕ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದರ ಕತೆ ಹೇಳಿದರು. ಅದನ್ನು ಯಂತ್ರದೊಳಗಿಟ್ಟು, ಮನುಷ್ಯರ ಫೋಟೋ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಅಂತ ಕೇಳಿದ್ದರು! 8064 ವಾಕ್ಸೆಲ್‌ಗಳಲ್ಲಿ 16 'ಚುರುಕಾಗಿ' ಕಂಡವು. (ನಮ್ಮ ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಮಲಗಿದ ಬಂಗುಡೆಯೂ ಹೀಗೇ ಯೋಚಿಸುತ್ತಿರಬೇಕು.) ಅಷ್ಟೊಂದು ಪರೀಕ್ಷೆ ಒಟ್ಟಿಗೆ ಮಾಡಿದ್ದೇವೆ ಅಂತ ಲೆಕ್ಕ ಬಿಗಿ ಮಾಡಿದೊಡನೆ ಹದಿನಾರೂ ಮಾಯ. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ.

ನಿಮ್ಮ ವಾಟ್ಸಾಪ್ ಚಿತ್ರದಲ್ಲಿ ಇನ್ನೂ ಒಂದು ತಕರಾರಿದೆ. ಲೆಕ್ಕದಲ್ಲಿ ಮೊದಲೇ ಎಳೆದ ಒಂದು ಗೆರೆ ದಾಟಿದ ಜಾಗಕ್ಕೆ ಮಾತ್ರ ಕೆಂಪು ಬಳಿಯುತ್ತಾರೆ. 30ಕ್ಕೆ ಪಾಸು ಅಂದರೆ 30 ಬಂದವನು ಪಾಸು, 29 ಬಂದವನು ಫೇಲು. ಅವರಿಬ್ಬರ ಓದಿನಲ್ಲಿ ಅಂಥ ವ್ಯತ್ಯಾಸ ಏನಿದೆ? ಕನ್ನಡ, ಮಲಯಾಳ ಎರಡನ್ನೂ ಒಬ್ಬರಲ್ಲೇ ನೇರವಾಗಿ ಹೋಲಿಸಬೇಕು, ಅಂಥವರು ತುಂಬಾ ಜನ ಬೇಕು. ಎಳವೆಯಿಂದ ಎರಡು ಭಾಷೆ ಆಡಿ ಬೆಳೆದವರಲ್ಲಿ ಎರಡಕ್ಕೂ ಬಹುಪಾಲು ಒಂದೇ ಜಾಗಗಳು ದುಡಿಯುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಅಂತ ಓಡಾಡುವ ಮಕ್ಕಳ ತಲೆಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೋಣೆ ಹುಡುಕಬೇಕಿಲ್ಲ.